ಜಡಿಗೇನಹಳ್ಳಿಗೆ ಒಯ್ದ ಎರಡನೆಯ ವರದಿ

ದೊಡ್ಡಬಳ್ಳಾಪುರದಿಂದ ಬೆಳಿಗ್ಗೆ ಹೊರಟ ಬಸ್ಸು ದೇವನಹಳ್ಳಿ, ಸೂಲಿಬೆಲೆಗಳನ್ನು ದಾಟಿ ಹೊಸಕೋಟೆ ಸೇರುವ ವೇಳೆಗೆ ಬಿಸಿಲು ಏರಿತ್ತು. ನಿಲ್ದಾಣದ ಬಳಿ ಇಡ್ಲಿ ತಿಂದು ಜಡಿಗೇನಹಳ್ಳಿಯ ಬಸ್ಸು ಹಿಡಿದೆ. ಅಲ್ಲಿ ನನ್ನ ತಂಗಿ ರತ್ನಮ್ಮ, ಅವಳ ಗಂಡ ನಂಜಪ್ಪ ರೇಷ್ಮೆಹುಳು ಸಾಕುತ್ತಾರೆ. ಅವಳ ಬೆರಳ ಗೆಣ್ಣುಗಳು ಊದಿಕೊಂಡು ಬಹಳ ಕಾಲವಾಗಿತ್ತು. ಕೀಲುವಾತ ಇದೆಯೇ ಎಂದು ಹಿಂದೆ ಮಾಡಿಸಿದ್ದ ಆರ್‌ಎ ಫ್ಯಾಕ್ಟರ್ ರಕ್ತಪರೀಕ್ಷೆ ನೆಗೆಟಿವ್ ಬಂದಿತ್ತು. ನಾನು ಹಟ ಹಿಡಿದು ಮಾಡಿಸಿದ ಆ್ಯಂಟಿ-ಸಿಸಿಪಿ ಪರೀಕ್ಷೆ ಪಾಸಿಟಿವ್ ಬಂತು: ದೇಹವು ತನ್ನ ಕೀಲುಗಳ ಮೇಲೆ ತಾನೇ ತಿರುಗಿಬಿದ್ದಿದೆ ಎಂಬುದಕ್ಕೆ ರಕ್ತದ ಪ್ರತಿಕಾಯಗಳು ಕೊಡುವ ಬಲವಾದ ಸೂಚನೆ. ಅವಳನ್ನು ಮರುದಿನ ಬೆಂಗಳೂರಿನ ವಾತರೋಗ ತಜ್ಞರಲ್ಲಿಗೆ ಕರೆದೊಯ್ಯಲು ಬಂದಿದ್ದೆ.

ಊತ ಎಂದಿನಿಂದ ಎಂದು ತಜ್ಞರು ಕೇಳುವುದು ಖಚಿತ. ಕಳೆದ ಯುಗಾದಿಯೆಂದು ನಂಜಪ್ಪ ಹೇಳಿದ. ಅದು ಸರಿಯಲ್ಲ, ಅದಕ್ಕೂ ಹಿಂದಿನ ಗೌರಿ ಹಬ್ಬದಲ್ಲೇ ತವರಿನ ಬಳೆ ಅವಳ ಕೈಗೆ ಏರಿರಲಿಲ್ಲ. ತೊಡಿಸಲು ಹೋದವಳು ನನ್ನ ಹೆಂಡತಿ.

ನಂಜಪ್ಪ ಎರಡೂ ವರದಿಗಳನ್ನು ಜಗಲಿಯ ಮೇಲೆ ಅಕ್ಕಪಕ್ಕ ಇಟ್ಟ. "ಒಂದು ಇಲ್ಲ ಅಂತದೆ, ಒಂದು ಐತೆ ಅಂತದೆ. ಇನ್ನೊಂದ್ ಕಡೆ ನೋಡ್ಸೋಣ ಭಾವ. ಎಲ್ಡು ಯಾವ್ ಕಡೆ ಬೀಳ್ತವೋ ಅದನ್ನ ನಂಬೋಣ."

ಊರಿನ ಬದುವಿನ ತಕರಾರುಗಳನ್ನು ಅವನು ತೀರ್ಮಾನಿಸುವುದೂ ಹೀಗೆಯೇ.

"ಇವು ಎರಡು ಸಾಕ್ಷಿ ಅಲ್ಲ ನಂಜಪ್ಪ, ಬೇರೆ ಬೇರೆ ಪರೀಕ್ಷೆ. ಮೊದಲನೇದು ಇಲ್ಲ ಅಂದ್ರೂ ಕಾಯಿಲೆ ಇರಬಹುದು."

"ನೀವು ಓದ್ಕೊಂಡೋರು, ಸೋತ ಸಾಕ್ಷೀನೂ ಗೆಲ್ಲುಸ್ತೀರ. ಹುಳ ನಾಲ್ಕನೇ ಜ್ವರ ಎದ್ದೈತೆ. ಇವ್ಳನ್ನ ಕರ್ಕೊಂಡೋದ್ರೆ ಸೊಪ್ಪು ನೀವು ಹಾಕ್ತೀರಾ?"

ಹುಳು ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ; ನಾಲ್ಕನೆಯದು, ಕೊನೆಯದು ಮುಗಿದ ಹುಳು ಹೊತ್ತುಹೊತ್ತಿಗೆ ಸೊಪ್ಪು ಬೇಡುತ್ತದೆ. ಅದನ್ನು ಹರಡುವುದು ಆ ಊದಿದ ಬೆರಳುಗಳೇ.

ಮಧ್ಯಾಹ್ನ ಮುದ್ದೆ, ಹುರುಳಿ ಸಾರು. ರತ್ನಮ್ಮ ಮುದ್ದೆ ಮುರಿಯಲಾರದೆ ಸಾರಿನಲ್ಲಿ ಕದಡಿ ಕುಡಿದಳು. ನಂಜಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

ಸಂಜೆ ಒಬ್ಬನೇ ಊರಿಗೆ ಹೊರಟೆ. ಹಿಪ್ಪುನೇರಳೆ ತೋಟದಿಂದ ಸೊಪ್ಪು ತರುತ್ತಿದ್ದ ರತ್ನಮ್ಮ ಬಸ್ಸಿನ ಬಳಿ ಹೊರೆ ಇಳಿಸಿ ನಿಂತಳು.

"ಅಣ್ಣ, ಆ ಬೆಂಗ್ಳೂರು ಡಾಕ್ಟ್ರು ಕೊಡೋ ಮಾತ್ರೆ ತಗೊಂಡ್ರೆ ಬೆರಳು ನೆಟ್ಟಗಾಗ್ತವಾ?"

"ಬಾಗಿರೋದು ಬಹುಶಃ ಆಗಲ್ಲಮ್ಮ. ಬಾಗದೆ ಇರೋದನ್ನ ಉಳಿಸ್ಕೋಬಹುದು."

ವೈದ್ಯಶಾಸ್ತ್ರದ ಪ್ರಕಾರ ಆ ಉತ್ತರದಲ್ಲಿ ತಪ್ಪಿರಲಿಲ್ಲ.

"ಹಂಗಾದ್ರೆ ಹುಳ ಗೂಡು ಕಟ್ಲಿ ಬಿಡು," ಎಂದಳು. "ಅವ್ರಂದಂಗೆ ಮೂರ್ನೇ ಕಡೇನೂ ನೋಡ್ಸೋಣ."

ತಿರುವಿನಲ್ಲಿ ಬಸ್ಸು ನಿಧಾನವಾದಾಗ ಹಿಂದಿರುಗಿ ನೋಡಿದೆ. ಬೆರಳಿನಲ್ಲಿ ಹಿಡಿಯಲಾಗದ ಸೊಪ್ಪಿನ ಹೊರೆಯನ್ನು ಎರಡು ಮೊಣಕೈಗಳ ನಡುವೆ ಅವುಚಿಕೊಂಡು ಅವಳು ಹುಳುಮನೆಯತ್ತ ನಡೆಯುತ್ತಿದ್ದಳು.