ಹಳ್ಳದ ಮೇಲೆ ಎಳೆದ ಗಡಿ

ಹತ್ತಿ ಬಿಡಿಸುವ ದೇವಕಮ್ಮನಿಗೆ ಓದು ಬಾರದು, ಬರಹ ಬಾರದು, ಬಾಯಿ ಮಾತ್ರ ಇದೆ. ಆ ಬಾಯಿಂದಲೇ ಮರಡಿದೊಡ್ಡಿಗೆ ಸೇತುವೆ ಮಂಜೂರಾಯಿತು.

ಶಹಾಪುರ ತಾಲೂಕಿನ ಈ ಕೇರಿಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಆಂಬುಲೆನ್ಸ್ ಆಚೆ ದಂಡೆಯಲ್ಲೇ ನಿಂತು ಹಾರ್ನ್ ಹೊಡೆಯುತ್ತದೆ. ಸೊಸೆ ಅನುರಾಧಾಳನ್ನು ಚೊಚ್ಚಲ ಹೆರಿಗೆಗೆ ಹೊರಸಿನ ಮೇಲೆ ಹೊತ್ತು ನೀರಿಗಿಳಿದಾಗ ಕೂಸು ನಡುನೀರಿನಲ್ಲೇ ಹುಟ್ಟಿತು. ಅಳಲಿಲ್ಲ.

ಅಂದಿನಿಂದ ದೇವಕಮ್ಮ ಜಿಲ್ಲಾ ಪಂಚಾಯ್ತಿ ಸದಸ್ಯನ ಬಾಗಿಲು ಬಿಡಲಿಲ್ಲ. ಅವನು ಚಹಾ ಕುಡಿಯಲು ಹೊರಬಿದ್ದರೂ ಎದುರಿಗೆ ಇವಳೇ. ‘ನಿನ್ನ ಕಾಟಕ್ಕ ನಾ ಊರು ಬಿಡಬೇಕಾಗ್ಯಾದಬೇ’ ಎಂದು ಸಹಿ ಹಾಕಿದ. ಎರಡು ಕಂಬ ಎದ್ದವು. ಅಷ್ಟರಲ್ಲಿ ಅವನ ಅವಧಿ ಮುಗಿಯಿತು. ಚುನಾವಣೆ ಬರಲಿಲ್ಲ, ಕೆಲಸ ನಿಂತಿತು.

ಆಮೇಲೆ ರಾಜ್ಯದಲ್ಲಿ ಪಂಚಾಯ್ತಿ ಕ್ಷೇತ್ರಗಳ ಸಂಖ್ಯೆ ಬದಲಿಸಿ ಹೊಸ ಗಡಿ ಹಾಕತೊಡಗಿದರು. ತಂಪು ಕೋಣೆಯಲ್ಲಿ ಕುಂತವರು ತಲೆ ಎಣಿಸಿದರು, ಹಳ್ಳ ನೋಡಲಿಲ್ಲ. ಇದ್ದೊಂದು ಕ್ಷೇತ್ರ ಎರಡಾಯಿತು. ಹಳ್ಳವೇ ಗಡಿ. ಕೇರಿ ಒಂದು ಪಾಲಿಗೆ, ರಸ್ತೆ ಇನ್ನೊಂದು ಪಾಲಿಗೆ.

ಕೇರಿಯಲ್ಲಿ ಪದವಿ ಓದುವವನು ಬುದ್ಧಪ್ರಿಯ. ಅವನೇ ಬಿಡಿಸಿ ಹೇಳಿದ: ‘ಚಿಗವ್ವ, ಇನ್ನ ಆಚಿ ದಂಡಿ ಮೆಂಬರಗ ನಮ್ಮ ಓಟು ಬೇಕಾಗಿಲ್ಲ. ಈಚಿ ದಂಡಿಯಂವಗ ಆಚಿ ರಸ್ತೆ ಬೇಕಾಗಿಲ್ಲ. ಸೇತುವಿ ಯಾರು ಕಟ್ತಾರ?’

‘ಮತ್ತ ಆ ಕಂಬ?’

‘ಎಮ್ಮಿ ಮೈ ತಿಕ್ಕಾಕ ಆತು.’

ದೇವಕಮ್ಮ ನಗಲಿಲ್ಲ. ಅನುರಾಧಾ ಮತ್ತೆ ಬಸುರಿ. ಶ್ರಾವಣಕ್ಕೆ ದಿನ ತುಂಬುತ್ತವೆ.

ತಕರಾರು ಇದ್ದವರು ವಾಯಿದೆಯೊಳಗೆ ಬರೆದುಕೊಡಬಹುದಿತ್ತು. ಬುದ್ಧಪ್ರಿಯ ಅರ್ಜಿ ಬರೆದ, ಕೇರಿಯವರೆಲ್ಲ ಹೆಬ್ಬೆಟ್ಟು ಒತ್ತಿದರು. ಅವನು ಪರೀಕ್ಷೆಗೆಂದು ಕಲಬುರಗಿಗೆ ಹೋದ. ದೇವಕಮ್ಮ ಅರ್ಜಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನೆಟ್ಟಗೆ ಭೀಮರಾಯನಗುಡಿ ಕ್ಯಾಂಪಿಗೆ ಹೋದಳು. ಎಲ್ಲಿಗೆಂದು ಯಾರನ್ನೂ ಕೇಳಲಿಲ್ಲ. ಕಾಲುವೆಗೆ ನೀರು ಬಿಡುವ ಸಾಹೇಬರು ಅಲ್ಲಿದ್ದಾರೆ, ಅವಳ ಅಪ್ಪ ಕೈಮುಗಿದು ನಿಂತದ್ದೂ ಅಲ್ಲೇ. ಸರ್ಕಾರ ಮತ್ತೆಲ್ಲಿ ಇರುತ್ತದೆ? ನೀರಿನ ದೂರು ಹಾಕುವ ಡಬ್ಬಿಗೆ ಅರ್ಜಿ ಹಾಕಿ, ಡಬ್ಬಿಗೂ ಕೈಮುಗಿದು ಬಂದಳು.

ಬುದ್ಧಪ್ರಿಯ ಬಂದು ಕೇಳಿದಾಗ ಗೆಲುವಿನಿಂದ ಹೇಳಿದಳು. ಅವನು ಹೊಸ್ತಿಲ ಮೇಲೆ ಕುಂತ.

‘ಅಲ್ಲಿ ಬರೇ ನೀರು ಬಿಡ್ತಾರ ಚಿಗವ್ವ. ಇದನ್ನ ಯಾದಗಿರಿಗಿ, ಡಿಸಿ ಆಫೀಸಿಗಿ ಒಯ್ಯಬೇಕಿತ್ತು.’

ಇಬ್ಬರೂ ಯಾದಗಿರಿಗೆ ಓಡಿದರು. ಗುಮಾಸ್ತ ತಲೆ ಎತ್ತಲಿಲ್ಲ. ‘ವಾಯಿದೆ ಮುಗದದಬೇ.’

‘ನಮ್ಮ ಹಳ್ಳ ಮುಗದಿಲ್ರಿ ಯಪ್ಪಾ.’

‘ಹೊಸ ಮೆಂಬರು ಬಂದ ಮ್ಯಾಲ ಅವ್ರನ್ನ ಕೇಳು.’

‘ಯಾವಾಗ ಬರ್ತಾರ್ರಿ?’

ಅದು ಅವನಿಗೂ ಗೊತ್ತಿರಲಿಲ್ಲ. ಗಡಿ ಹಾಕಿ ಮುಗಿಸಿದರೂ ಚುನಾವಣೆಯ ಸುದ್ದಿ ಇಲ್ಲ. ಸರ್ಕಾರದ ಬಾಗಿಲು ಯಾವುದು ಎಂದು ಮೂರು ತಲೆಮಾರಿಗೆ ತೋರಿಸದವರು, ವಾಯಿದೆ ಮಾತ್ರ ತಪ್ಪದೆ ಮುಗಿಸಿದರು.

ಮುಂಗಾರು ಮೋಡ ಕಟ್ಟಿತು. ಬಾಣಂತನಕ್ಕೆ ತವರಿಗೆ ಕಳಿಸೋಣವೆಂದರೆ ಅನುರಾಧಾ ದೇವಕಮ್ಮನ ಅಣ್ಣನ ಮಗಳೇ. ತವರು ಅದೇ ಕೇರಿಯ ಎದುರು ಮನೆ. ದೇವಕಮ್ಮ ಹಳ್ಳ ದಾಟಿ, ರಸ್ತೆ ಬದಿ ಪಂಕ್ಚರ್ ಅಂಗಡಿಯ ಇಸ್ಮಾಯಿಲಸಾಬನ ಮುಂದೆ ನಿಂತಳು.

‘ಅಣ್ಣಾ, ಸೊಸಿ ಹಡಿಯೋತನಕ ಒಂದು ಮೂಲಿ ಕೊಡು.’

‘ಒಳಗ ಟಾಯರ್ ತುಂಬ್ಯಾವಲ್ಲಬೇ.’

‘ಟಾಯರ್ ಮಳ್ಯಾಗ ನೆನದ್ರ ಸಾಯಂಗಿಲ್ಲ.’

ಅವನು ಟಾಯರುಗಳನ್ನು ಹೊರಗೆ ಉರುಳಿಸಿದ.

ನೀರು ಇನ್ನೂ ಮೊಣಕಾಲ ಕೆಳಗಿರುವಾಗಲೇ ಸೊಸೆಯನ್ನು ದಾಟಿಸಿದಳು. ಕೂಲಿ ಬಿಟ್ಟಳು. ತಗಡಿನ ಕೆಳಗೆ ಇಬ್ಬರೂ ಕುಂತರು. ಸಂಜೆಗೆ ಮಳೆ ಜೋರಾಗಿ ಹಳ್ಳದ ಸದ್ದು ಒಳಗೆ ಬರತೊಡಗಿತು.

‘ಅತ್ತಿ,’ ಎಂದಳು ಅನುರಾಧಾ, ‘ಹಡದು ಮನಿಗಿ ಹೋದ ಮ್ಯಾಲ ಕೂಸಿಗಿ ಜ್ವರ ಬಂದ್ರ?’

ದೇವಕಮ್ಮ ಬಾಯಿ ತೆರೆದಳು. ಮಾತು ಹೊರಡಲಿಲ್ಲ.