ಅಪ್ಪ ಮಲಗಿದ್ದ ಹಗಲು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಹಗಲು ಹೊತ್ತು ಯಾರೂ ಗಟ್ಟಿಯಾಗಿ ಸೀನುವಂತೆಯೂ ಇರಲಿಲ್ಲ. ನಗಬೇಡಿ, ನಿಜವೇ ಹೇಳುತ್ತಿದ್ದೇನೆ. ಸೀನು ಬಂದರೆ ಮೂಗು ಹಿಡಿದುಕೊಂಡು ಹೊರಗೆ ಓಡಬೇಕಿತ್ತು. ಆಗ ನಾವಿದ್ದದ್ದು ಕೆಜಿಎಫ್‌ನ ನಂದಿದುರ್ಗ ಗಣಿಯ ಲೈನ್ ಮನೆಯಲ್ಲಿ. ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಮನೆಗಳು, ಮೇಲೆ ತಗಡು, ಒಳಗೆ ಒಂದೇ ಕೋಣೆ. ಒಲೆ, ರಾಗಿ ಹಿಟ್ಟಿನ ಡಬ್ಬ, ಗೋಣಿ ಪರದೆಯ ಹಿಂದೆ ಬಚ್ಚಲು, ಅಪ್ಪನ ಹಗ್ಗದ ಮಂಚ, ಎಲ್ಲವೂ ಅದರಲ್ಲೇ. ಅಪ್ಪ ಚಿನ್ನದ ಗಣಿಯಲ್ಲಿ ಭೂಮಿಯೊಳಗೆ ಕಲ್ಲು ಒಡೆಯುವ ಕೆಲಸಕ್ಕೆ ಹೋಗುತ್ತಿದ್ದ. ನೈಟ್ ಶಿಫ್ಟ್ ಬಿದ್ದ ವಾರ ಬೆಳಿಗ್ಗೆ ಬಂದು, ಸ್ನಾನ ಮಾಡಿ, ಮುದ್ದೆ ಉಂಡು ಮಲಗಿದರೆ ಏಳುತ್ತಿದ್ದದ್ದು ಸಾಯಂಕಾಲಕ್ಕೇ.

ನಮ್ಮ ಲೈನಿನಲ್ಲಿ ಒಂದು ಪದ್ಧತಿಯಿತ್ತು. ನೈಟ್ ಶಿಫ್ಟಿನವರು ಮಲಗಿದ ಮೇಲೆ ಹೆಂಗಸರು ಕಿಟಕಿಗೆ ಗೋಣಿಚೀಲ ಕಟ್ಟಿ, ಹೊರಗಿನಿಂದ ಬಾಗಿಲಿಗೆ ಬೀಗ ಹಾಕಿಬಿಡುತ್ತಿದ್ದರು. ಬೇರೆ ಊರಿನಲ್ಲಿ ಬೀಗ ಕಂಡರೆ ಒಳಗೆ ಯಾರೂ ಇಲ್ಲ ಎಂದು ಅರ್ಥ. ನಮ್ಮಲ್ಲಿ ಒಳಗೆ ಆಳು ಮಲಗಿದ್ದಾನೆ, ಬಾಗಿಲು ತಟ್ಟಬೇಡಿ ಎಂದು ಅರ್ಥ. ಎರಡನೇ ಬೀಗದ ಕೈ ಪಕ್ಕದ ಮನೆಯ ತಮಿಳು ಅಜ್ಜಿಯ ಹತ್ತಿರ ಇರುತ್ತಿತ್ತು. ಅವರನ್ನು ನಾವು ಪಾಟಿ ಎನ್ನುತ್ತಿದ್ದೆವು. ಒಳಗಿದ್ದವರಿಗೆ ಏನಾದರೂ ಬೇಕಾದರೆ ಗೋಡೆ ತಟ್ಟಿದರೆ ಸಾಕು, ಪಾಟಿ ಬಂದು ಬೀಗ ತೆಗೆಯುತ್ತಿದ್ದರು.

ನನಗೋ ಮೂಗಿನ ತುದಿಯಲ್ಲೇ ಕೋಪ. ಈಗೇನೂ ಕಡಿಮೆಯಾಗಿಲ್ಲ, ನಿಮಗೆ ಗೊತ್ತೇ ಇದೆ. ಆಗ ಎಂಟು ವರ್ಷ. ಒಂದು ದಿನ ಬೆಳಿಗ್ಗೆ ಅಪ್ಪ ಮಲಗಿ ಸ್ವಲ್ಪ ಹೊತ್ತಾಗಿತ್ತು. ನನ್ನ ಕೈಯಿಂದ ಹಿತ್ತಾಳೆ ಚೊಂಬು ಜಾರಿತು. ಬಿದ್ದು ಸುಮ್ಮನಾಯಿತೇ? ಟಣಟಣ ಎಂದು ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಉರುಳಿಕೊಂಡು ಹೋಯಿತು. ಅಪ್ಪ ಕೆಮ್ಮುತ್ತಾ ಮಗ್ಗುಲಾದ. ಅಮ್ಮ ನನ್ನ ರಟ್ಟೆ ಹಿಡಿದು ಹೊರಗೆಳೆದು ಬೆನ್ನಿಗೆ ಗುದ್ದಿದಳು.

"ರಾತ್ರಿಯೆಲ್ಲಾ ಕಲ್ಲು ಒಡ್ದು ಬಂದವ್ರೆ, ಗೊತ್ತಾಗಲ್ವೇನೇ ನಿಂಗೆ?"

ಬೆನ್ನು ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯುತ್ತಿತ್ತು. ಆಡುವಂತಿಲ್ಲ, ಹಾಡುವಂತಿಲ್ಲ, ಗೆಳತಿಯರನ್ನು ಕರೆಯುವಂತಿಲ್ಲ. ನಾನು ಹೊಸ್ತಿಲ ಮೇಲೆ ನಿಂತು ಅಂದೇಬಿಟ್ಟೆ: "ಈ ಅಪ್ಪ ಮನೇಗೆ ಬರ್ದೇ ಇದ್ರೇ ಚೆಂದಾಗಿರ್ತಿತ್ತು!"

ಗಣಿಯ ಲೈನಿನಲ್ಲಿ ಯಾರೂ ಆ ಮಾತು ಆಡುವುದಿಲ್ಲ. ಕೆಳಗೆ ಇಳಿದವರು ಮೇಲೆ ಬಾರದ ದಿನಗಳು ಎಷ್ಟೋ ಮನೆಗಳಲ್ಲಿ ಇದ್ದವು. ಅಮ್ಮ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಮುಖ ಬಿಳುಚಿಕೊಂಡಿತ್ತು.

"ಬಿಡ್ತು ಅನ್ನೇ. ಈಗ್ಲೇ ಬಿಡ್ತು ಅನ್ನು."

ಕೆಟ್ಟ ಮಾತು ಬಾಯಿಂದ ಬಂದರೆ 'ಬಿಡ್ತು' ಎಂದು ಅದನ್ನು ಬಿಡಿಸಿಕೊಳ್ಳಬೇಕಲ್ಲ, ಹಾಗೆ. ನಾನು ಹಲ್ಲು ಕಚ್ಚಿಕೊಂಡೆ, ಅನ್ನಲಿಲ್ಲ. ಅಮ್ಮ ಎರಡು ಸಲ ಕೇಳಿದಳು, ಆಮೇಲೆ ಕಣ್ಣೊರೆಸಿಕೊಂಡಳು.

ಅವತ್ತು ಅಮ್ಮನಿಗೆ ರೈಲು ಹತ್ತಿ ಬಂಗಾರಪೇಟೆಗೆ, ಬಾಣಂತಿ ಚಿಕ್ಕಮ್ಮನನ್ನು ನೋಡಲು ಹೋಗುವುದಿತ್ತು. ನಾನು ಸಿಟ್ಟಿನಲ್ಲಿ ಮೆಲ್ಲಗೆ ಒಳಗೆ ನುಸುಳಿ ರಾಗಿ ಹಿಟ್ಟಿನ ಡಬ್ಬದ ಹಿಂದೆ ಮುದುರಿ ಕುಳಿತೆ. ನಾನು ಅಮ್ಮನ ಜೊತೆ ಹೋಗುತ್ತೇನೆ ಎಂದುಕೊಂಡು ಅಕ್ಕ ಶಾಲೆಗೆ ಹೋದಳು. ನಾನು ಅಕ್ಕನ ಜೊತೆ ಶಾಲೆಗೆ ಹೋದೆ ಎಂದುಕೊಂಡು ಅಮ್ಮ ಬಾಗಿಲು ಎಳೆದುಕೊಂಡಳು. ಹೊರಗೆ ಬೀಗ ಟಕ್ಕೆಂದಿತು. ಆ ಸದ್ದು ಕೇಳಿದ ಮೇಲೇ ನನಗೆ ಬುದ್ಧಿ ಬಂದದ್ದು.

ಗೋಡೆ ತಟ್ಟಬಹುದಿತ್ತು. ತಟ್ಟಿದರೆ ಅಪ್ಪ ಏಳುತ್ತಾನೆ. ಬೆಳಿಗ್ಗೆ ಒಂದು ಸಲ ಎಬ್ಬಿಸಿದ್ದಕ್ಕೇ ಗುದ್ದು ಬಿದ್ದಿದೆ, ಇನ್ನೊಂದು ಸಲ ಎಬ್ಬಿಸಿದರೆ ಏನು ಗತಿ? ಹೊರಗೆ ಪಾಟಿಯ ದನಿ ಕೇಳಿಸಿತು, ಯಾರೋ ಹುಡುಗರನ್ನು ಗದರುತ್ತಿದ್ದರು: "ಡೇಯ್, ಸತ್ತಂ ಪೋಡಾದೀಂಗ! ಸದ್ದು ಮಾಡಬ್ಯಾಡ್ರೋ, ಒಳಗೆ ಆಳು ಮಲಗವ್ರೆ!" ಹುಡುಗರು ಓಡಿಹೋದರು. ಆಮೇಲೆ ಲೈನೆಲ್ಲ ಮೌನ.

ಕೋಣೆ ಕತ್ತಲಾಗಿತ್ತು. ತಗಡಿನಲ್ಲಿ ಒಂದು ಮೊಳೆಯ ತೂತಿತ್ತು, ಅದರಿಂದ ಬಿಸಿಲು ಕಡ್ಡಿಯಂತೆ ಇಳಿದು ನೆಲದ ಮೇಲೆ ಕಾಸಿನಷ್ಟು ಬಿದ್ದಿತ್ತು. ನಾನು ಅದನ್ನೇ ನೋಡುತ್ತಾ ಕುಳಿತೆ. ಬಿಸಿಲೇರಿದ ಹಾಗೆ ತಗಡು ಟಿಕ್ ಟಿಕ್ ಎನ್ನತೊಡಗಿತು. ದೂರದಲ್ಲಿ ಗಣಿಯ ಗಿರಣಿ ಕಲ್ಲು ಕುಟ್ಟುತ್ತಿತ್ತು. ಸೆಕೆಗೆ ಲಂಗ ಮೈಗೆ ಅಂಟಿಕೊಂಡಿತು, ಕಾಲು ಜೋಮು ಹಿಡಿಯಿತು. ಅಳು ಬಂತು. ಅಳುವಂತೆಯೂ ಇರಲಿಲ್ಲ. ಆ ನಾಲ್ಕು ಗೋಡೆಯ ಮಧ್ಯೆ ನನಗೆ ಉಸಿರು ಕಟ್ಟಿದ ಹಾಗಾಗಿತ್ತು.

ಬೇರೆ ಏನೂ ಮಾಡಲು ಇರಲಿಲ್ಲ, ಅಪ್ಪನನ್ನು ನೋಡಿದೆ. ಅದುವರೆಗೆ ನಾನು ಅಪ್ಪನನ್ನು ಸರಿಯಾಗಿ ನೋಡೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ನನಗೆ ಅಪ್ಪ ಎಂದರೆ ಕಂಬಳಿ ಹೊದ್ದ ಒಂದು ಗಂಟು, ಅಷ್ಟೇ. ಕಂಬಳಿಯಾಚೆ ಅವನ ಪಾದ ಕಾಣುತ್ತಿತ್ತು. ಹಿಮ್ಮಡಿಯ ಬಿರುಕಿನಲ್ಲಿ ಎಷ್ಟು ತೊಳೆದರೂ ಹೋಗದ ಬೂದು ಮಣ್ಣು. ಎಡಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಯಾವಾಗ ಹೋಯಿತು? ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮುಂಗೈ ಮೇಲೆ ಕಲ್ಲಿನ ಚೂರು ಹೊಕ್ಕು ಒಣಗಿದ ಕಪ್ಪು ಚುಕ್ಕೆಗಳು. ಎದೆಯೊಳಗೆ ಸಣ್ಣಗೆ ಗೊರಗೊರ ಸದ್ದು. ಈ ಆಳು ದಿನಾ ಭೂಮಿಯೊಳಗೆ ಇಳಿದು, ಹತ್ತಿ ಬಂದು, ನಮ್ಮ ಪಕ್ಕದಲ್ಲೇ ಮಲಗುತ್ತಿದ್ದ. ನಾನು ಚೊಂಬಿನ ಬಗ್ಗೆ ಸಿಟ್ಟು ಮಾಡಿಕೊಂಡು ಕೂತಿದ್ದೆ.

ಮಧ್ಯಾಹ್ನಕ್ಕೆ ಹಸಿವು ತಡೆಯಲಾಗಲಿಲ್ಲ. ಡಬ್ಬದ ಮುಚ್ಚಳವನ್ನು ಸದ್ದಾಗದಂತೆ ಎತ್ತಿ ಒಂದು ಹಿಡಿ ರಾಗಿ ಹಿಟ್ಟು ಬಾಯಿಗೆ ಹಾಕಿಕೊಂಡೆ. ಅಯ್ಯೋ, ಹಿಟ್ಟು ಹಾರಿ ಮೂಗಿಗೆ ಹೋಯಿತು! ಸೀನು ಬಂದೇ ಬಂತು. ಲಂಗವನ್ನು ಮೂಗಿಗೆ ಒತ್ತಿ, ಕಣ್ಣು ಗುಡ್ಡೆ ಹೊರಬರುವಂತೆ ತಡೆದೆ. ಮುಖವೆಲ್ಲ ಹಿಟ್ಟಾಯಿತು. ಸೀನು ಹೇಗೋ ಒಳಗೇ ಸತ್ತಿತು.

ಆಗ ಗಮನಿಸಿದೆ, ಅಪ್ಪನ ಎದೆಯ ಗೊರಗೊರ ನಿಂತಿತ್ತು.

ಕಾದೆ. ಇಲ್ಲ. ಕಂಬಳಿ ಮೇಲೆ ಕೆಳಗೆ ಆಡುತ್ತಲೂ ಇರಲಿಲ್ಲ. ಬೆಳಿಗ್ಗೆ ನಾನು ಆಡಿದ ಮಾತು ನೆನಪಾಯಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ದೊಡ್ಡವರು ಹೇಳುವುದು ಸುಮ್ಮನೆ ಅಲ್ಲ. ಅಮ್ಮ ಅಷ್ಟು ಬೇಡಿಕೊಂಡರೂ ನಾನು 'ಬಿಡ್ತು' ಅಂದಿರಲಿಲ್ಲ. ಮೊಣಕಾಲಲ್ಲಿ ತೆವಳಿ ಮಂಚದ ಹತ್ತಿರ ಹೋದೆ. "ಬಿಡ್ತು, ಬಿಡ್ತು, ಬಿಡ್ತು" ಎಂದು ಪಿಸುಗುಟ್ಟುತ್ತಾ ಅಪ್ಪನ ಮೂಗಿನ ಹತ್ತಿರ ಬೆರಳು ಹಿಡಿದೆ. ಬೆಚ್ಚಗೆ ಉಸಿರು ತಾಗಿತು. ಬದುಕಿದ್ದಾನೆ! ನನಗೆ ಅಷ್ಟು ಸಂತೋಷ ಆಮೇಲೆ ನನ್ನ ಮದುವೆಯ ದಿನವೂ ಆಗಲಿಲ್ಲ. ಅಲ್ಲೇ ಮಂಚದ ಕಾಲಿಗೆ ಒರಗಿ ಕುಳಿತು ಅಪ್ಪನ ಒಂದೊಂದು ಉಸಿರನ್ನೂ ಕೇಳಿಸಿಕೊಂಡೆ. ಕೋಣೆಯಿಂದ ಹೊರಗೆ ಹೋಗಬೇಕು ಎನ್ನುವುದೇ ಮರೆತುಹೋಯಿತು.

ಅಮ್ಮ ಬಂದು ಬೀಗ ತೆಗೆದಾಗ ಬಿಸಿಲಿನ ಕಾಸು ಒಲೆಯ ಹತ್ತಿರ ಹೋಗಿತ್ತು. ಹಿಟ್ಟು ಮೆತ್ತಿದ ನನ್ನ ಮುಖ ಕಂಡು ಅವಳು ಹೌಹಾರಿದಳು. ಆಮೇಲೆ ಕೈ ಎತ್ತಿದಳು.

"ಒಡೀಬೇಡ ಕಣೇ ಅದನ್ನ," ಎಂದು ಮಂಚದ ಮೇಲಿಂದ ಅಪ್ಪ ಹೇಳಿದ. "ನಾನು ಎದ್ದೇ ಇದ್ದೆ."

"ಎದ್ದಿದ್ರಾ? ಯಾವಾಗಿಂದ?"

"ಚೊಂಬು ಬಿದ್ದಾಗಿಂದ."

ಅಮ್ಮನ ಎತ್ತಿದ ಕೈ ಹಾಗೇ ನಿಂತಿತು. ನಿದ್ದೆಗೆಟ್ಟು ಕೆಳಗೆ ಇಳಿಯುವುದು ಎಂದರೆ ಏನು ಎಂದು ಲೈನಿನ ಹೆಂಗಸರಿಗೆ ಗೊತ್ತಿತ್ತು. "ನಿದ್ದೆ ಮಾಡ್ದೆ ರಾತ್ರಿ ಎಂಗೆ ಇಳೀತೀರಾ? ಗೋಡೆ ತಟ್ಟಿ ಪಾಟೀನ ಕರೆದು ಇದನ್ನ ಆಚೆಗೆ ಕಳಿಸಕ್ಕೆ ಏನಾಗಿತ್ತು?"

ಅಪ್ಪ ಎದ್ದು ಕುಳಿತು ನನ್ನ ಮುಖದ ಹಿಟ್ಟನ್ನು ತನ್ನ ಪಂಚೆಯಿಂದ ಒರೆಸಿದ. "ನಾನು ಎದ್ದಿದ್ದೀನಿ ಅಂತ ಗೊತ್ತಾದ್ರೆ ಎದರ್ಕೊಳ್ತಿತ್ತು ಕಣೇ. ಆಮೇಲೆ ಇನ್ನೊಂದು. ಬೆಳಿಗ್ಗೆ ಇದು ಅಂದ ಮಾತು ಕೇಳಿಸ್ತು ನಂಗೆ. ಸರಿಯಾಗೇ ಅಂದೈತೆ. ನಾನು ಮನೇಗೆ ಎಲ್ಲಿ ಬತ್ತೀನಿ? ಮಲಗಕ್ಕೆ ಬತ್ತೀನಿ. ಇದರ ಮುಖ ಅಗಲಲ್ಲಿ ನೋಡಿ ಎಷ್ಟು ದಿನ ಆಯ್ತು ಗೊತ್ತಾ? ಇವತ್ತು ಕಣ್ಣು ಅರ್ಧ ಬಿಟ್ಕೊಂಡು ಒಟ್ಟೆ ತುಂಬ ನೋಡಿದೆ. ಇಟ್ಟು ತಿಂದು ಸೀನು ತಡ್ಕೊಂತು ನೋಡು, ನಗು ಬಂದು ಉಸಿರು ಬಿಗಿ ಇಡ್ಕೊಂಡ್ರೆ ಸತ್ತೇ ಓದೆ ಅಂದ್ಕೊಂತು!"

ಅಪ್ಪ ನಕ್ಕ. ನನಗೆ ನಗು ಬರಲಿಲ್ಲ. ಅವನ ಕುತ್ತಿಗೆಗೆ ಜೋತುಬಿದ್ದು, ಬೆಳಿಗ್ಗೆಯಿಂದ ತಡೆದಿದ್ದ ಅಳುವನ್ನೆಲ್ಲ ಅತ್ತೆ.

ಅವತ್ತು ಅವನು ರಜಾ ಹಾಕುವಂತಿರಲಿಲ್ಲ. ಹೊರಡುವಾಗ ನಾನು ಅಂಗಿ ಬಿಡಲೇ ಇಲ್ಲ. "ಬತ್ತೀನಿ ಕಣಮ್ಮಾ, ಬಿಡು," ಎಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೋದ. ಅಮ್ಮ ಅವತ್ತು ಉಣ್ಣಲಿಲ್ಲ. ನಾನು ಬೆಳಕು ಹರಿಯುವ ಮೊದಲೇ ಎದ್ದು ಅವಳನ್ನು ಎಳೆದುಕೊಂಡು ಗಣಿಯ ಗೇಟಿಗೆ ಹೋದೆ. ಸೈರನ್ ಕೂಗಿತು. ಗಂಡಸರು ಗುಂಪಾಗಿ ಬಂದರು, ಎಲ್ಲರ ಮುಖವೂ ಒಂದೇ ಬೂದು ಬಣ್ಣ. ಒಬ್ಬೊಬ್ಬರನ್ನೂ ನೋಡಿದೆ. ಗುಂಪು ಕರಗುತ್ತಾ ಬಂತು, ಅಮ್ಮ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಕೊನೆಯಲ್ಲಿ ಕೆಮ್ಮುತ್ತಾ, ಗೋಡೆ ಹಿಡಿದುಕೊಂಡು ಅಪ್ಪ ಬಂದ. ನಿದ್ದೆಗೆ ಕಣ್ಣು ಎಳೆಯುತ್ತಿದ್ದವು. ನಮ್ಮನ್ನು ಕಂಡು ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಅವತ್ತು ಅವನು ಮಲಗಿದಾಗ ಯಾರೂ ನನಗೆ ಸುಮ್ಮನಿರು ಎಂದು ಹೇಳಬೇಕಾಗಲಿಲ್ಲ.

ಆ ಕೆಮ್ಮೇ ಮುಂದೆ ಅಪ್ಪನನ್ನು ತೆಗೆದುಕೊಂಡು ಹೋಯಿತು, ನಾನು ಹೈಸ್ಕೂಲಿನಲ್ಲಿದ್ದಾಗ. ಅಷ್ಟರಲ್ಲಿ ಅವನನ್ನು ಸಾಕಷ್ಟು ನೋಡಿಕೊಂಡಿದ್ದೆ ಎನ್ನುವುದೊಂದೇ ಸಮಾಧಾನ.

ಈಗ ಗಣಿಯೂ ಮುಚ್ಚಿದೆ, ನಾವೂ ಬಂಗಾರಪೇಟೆಗೆ ಬಂದಿದ್ದೇವೆ. ನಿಮಗೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಇಲ್ಲಿ ಯಾರೂ ಯಾರಿಗೂ ಸದ್ದು ಮಾಡಬೇಡ ಎನ್ನುವುದಿಲ್ಲ, ಕಿವಿಗೆ ಅದೆಂಥದೋ ಸಿಕ್ಕಿಸಿಕೊಂಡು ನೀವೇ ಮೌನವಾಗಿಬಿಟ್ಟಿದ್ದೀರಿ. ಮನೆಗೆ ಬೆಂಕಿ ಬಿದ್ದರೂ ಮೆಸೇಜ್ ಹಾಕಬೇಕೇನೋ! ನನ್ನ ಮಗ, ನಿಮ್ಮ ಅಪ್ಪನೂ ಕೆಜಿಎಫ್‌ನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಆ ಮೂಲೆಯ ಕೋಣೆಯಲ್ಲಿ ಮಲಗಿದ್ದಾನೆ. ನೀವು ಶಾಲೆಯಿಂದ ಬರುವ ಹೊತ್ತಿಗೆ ಅವನು ಹೊರಡುವ ಹೊತ್ತು. ಇವತ್ತು ಭಾನುವಾರ. ಆ ಫೋನು ಇಲ್ಲಿಡಿ. ಮೆಲ್ಲಗೆ ಒಳಗೆ ಹೋಗಿ ಅವನ ಮಂಚದ ಹತ್ತಿರ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಮಾತು ಬೇಡ, ಸುಮ್ಮನೆ ನೋಡಿ. ಮೊದಮೊದಲು ಬೇಜಾರಾಗುತ್ತದೆ, ನನಗೂ ಆಗಿತ್ತು. ಅವನು ಕಣ್ಣು ಮುಚ್ಚಿಯೇ ಇರುತ್ತಾನೆ. ಮಲಗಿದ್ದಾನೆ ಎಂದುಕೊಂಡು ಎದ್ದು ಬರಬೇಡಿ.