ಕಟ್ಟಿನ ವಾಸನೆ

ಇಂದು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಹೋಳಿಗೆಗೆ ಬೇಳೆ ಬೇಯಿಸುತ್ತಿದ್ದರು. ಬಸಿದ ಬೇಳೆನೀರಿನ, ಅಂದರೆ ಕಟ್ಟಿನ, ವಾಸನೆ ಕಿಟಕಿಯಿಂದ ಬಂತು. ಅದರ ಹಿಂದೆಯೇ ನಮ್ಮ ಶಾಲೆಯ ವಿಜ್ಞಾನದ ಮಾಸ್ತರರೂ ನೆನಪಿಗೆ ಬಂದರು...

ನಾನು ಜತ್ತದ ಶಾಲೆಗೆ ಶಿಕ್ಷಕಿಯಾಗಿ ಸೇರಿದ್ದು ೧೯೫೩ರ ಜೂನ್‌ನಲ್ಲಿ. ಅಲ್ಲಿ ಎರವಲು ತಂದ ಒಂದು ಸೂಕ್ಷ್ಮದರ್ಶಕವಿತ್ತು. ಅದರ ಉಪಯೋಗ ಕಾಣದಿದ್ದರೆ ತಪಾಸಣೆಯ ಸಾಹೇಬರು ಬೇರೆ ಶಾಲೆಗೆ ಒಯ್ಯುವವರಿದ್ದರು. ಮಾಸ್ತರರು ಹುಲ್ಲು ಕೊಳೆಸಿದ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿದರು. ಅದನ್ನಿಷ್ಟು ಬಟ್ಟಲಿನ ಶುದ್ಧ ನೀರಿಗೆ ಬೆರೆಸಿ, ಒಂದು ಹನಿ ಗಾಜಿನ ಮೇಲಿಟ್ಟರು. ಕೂದಲಿನಷ್ಟು ಸಣ್ಣ ಗಾಜಿನ ಕೊಳವೆಗೆ ಬೇಳೆಯ ಕಟ್ಟು ತುಂಬಿ ಆ ಹನಿಯೊಳಗೆ ಚಾಚಿದರು. ಅತ್ತಿತ್ತ ಹೊರಳಾಡುತ್ತಿದ್ದ ಜೀವಿಗಳು ಸ್ವಲ್ಪ ಹೊತ್ತಿನಲ್ಲೇ ಕೊಳವೆಯ ಬಾಯಿಗೆ ಮುತ್ತಿದವು. ಎಣಿಸಲು ಹೋಗಿ ಸೋತೆ.

"ಮೂಗಿಲ್ಲ, ಕಣ್ಣಿಲ್ಲ. ದಾರಿ ಹ್ಯಾಂಗ ಗೊತ್ತಾಗ್ತದರಿ?" ಎಂದು ಕೇಳಿದೆ.

"ಒಂದು ಗಳಿಗಿ ಹಿಂದಿನಕಿಂತ ಈಗ ರುಚಿ ಹೆಚ್ಚಾತೇನು ಅಂತ ನೋಡ್ತಿರಬೇಕು. ಹೆಚ್ಚಾದ್ರ ಹಂಗ ಮುಂದ, ಇಲ್ಲಂದ್ರ ಹೊಳ್ಳೋದು. ಆದ್ರ ಅಕ್ಕೋರ, ಇದು ನನ್ನ ಅಂದಾಜು. ನಿಮ್ಮ ಡೈರ್ಯಾಗ ಅಂದಾಜು ಅಂತನ ಬರೀರಿ."

ತಪಾಸಣೆಯ ದಿನ ನಾನೇ ಕೆಡಿಸಿದೆ. ಹಸಿದ ಜೀವಕ್ಕೆ ಊಟ ತೋರಿಸಿ ತಮಾಷೆ ನೋಡಬಾರದೆಂಬುದು ಅಸಂಗಿಯ ನಮ್ಮ ಮನೆಯ ರೂಢಿ. ಯಾರೂ ಇಲ್ಲದಾಗ ಜೀವಿಗಳಿದ್ದ ಬಟ್ಟಲಿಗೇ ಧಾರಾಳವಾಗಿ ಕಟ್ಟು ಸುರಿದಿದ್ದೆ. ಸಾಹೇಬರು ಬಹಳ ಹೊತ್ತು ಕಣ್ಣಿಟ್ಟು ನೋಡಿದರು. ಕೊಳವೆಯ ಕಡೆಗೆ ಗುಂಪು ಕೂಡಲೇ ಇಲ್ಲ.

"ನಿಮ್ಮ ಬೀಗರು ಮುನಿಸಿಕೊಂಡಾರೇನ್ರಿ ಮಾಸ್ತರ?" ಎಂದರು.

ನಾನು ಮಾಡಿದ್ದನ್ನು ಹೇಳಿಬಿಟ್ಟೆ. ಸಿಟ್ಟಾಗುತ್ತಾರೆಂದುಕೊಂಡರೆ ಮಾಸ್ತರರ ಮುಖ ಅರಳಿತು.

"ಚಲೋ ಆತು ಬಿಡ್ರಿ. ಸುತ್ತೆಲ್ಲ ಒಂದ ರುಚಿ ಇದ್ದು, ಅದೂ ರೂಢಿ ಆದ ಮ್ಯಾಲ ಅವು ಎತ್ತ ಓಡಬೇಕು? ಕುಂದ್ರಿ ಸಾಹೇಬ್ರ, ಬರೇ ನೀರಾಗ ಇನ್ನೊಮ್ಮಿ ತೋರಸ್ತೀನಿ."

ಈ ಸಲ ಮುತ್ತಿದವು. ಸಾಹೇಬರು ಎರಡೂ ಹನಿಗಳನ್ನು ಮತ್ತೆ ಮತ್ತೆ ನೋಡಿದರು. ಸೂಕ್ಷ್ಮದರ್ಶಕ ನಮ್ಮಲ್ಲೇ ಉಳಿಯಿತು. ಮುಂದೆ ಪ್ರತಿವರ್ಷ ಮಾಸ್ತರರು ನನ್ನ ತಪ್ಪನ್ನೂ ಮಕ್ಕಳಿಗೆ ಮಾಡಿ ತೋರಿಸಿದರು, 'ಅಕ್ಕೋರ ಪ್ರಯೋಗ' ಎಂದು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಪಕ್ಕದ ಮನೆಯ ಪಾತ್ರೆ ಇನ್ನೂ ಕುದಿಯುತ್ತಿದೆ, ವಾಸನೆ ಮಾತ್ರ ರೂಢಿಯಾಗಿ ಆಗಲೇ ನನಗೆ ತಿಳಿಯದಾಗಿದೆ. ಡೈರಿಗಳನ್ನು ತೆಗೆದು ಎಣಿಸಿದೆ. ಜೊತೆಗೆ ಕಲಿಸಿದ ನಾಲ್ಕು ವರ್ಷಗಳಲ್ಲಿ ಅವರ ಹೆಸರು ಬಂದದ್ದು ಒಂಬತ್ತು ದಿನ. ದಿನಾಲೂ ಪಕ್ಕದ ಕೋಣೆಯಲ್ಲೇ ಇದ್ದರಲ್ಲ... ಅವರು ತೀರಿಹೋದ ಮೇಲಿನ ಪುಟಗಳಲ್ಲಿ ಒಂದು ದಿನವೂ ಆ ಹೆಸರು ತಪ್ಪಿಲ್ಲ. ಇದು ಅಂದಾಜಲ್ಲ, ಎಣಿಸಿದ್ದು.